ಖಡಕ್ ರೊಟ್ಟಿಯ ಉಷ್ಣಾಂಶ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ಲಂಡನ್ನಿನ ಹೇಸ್ ರೊಟ್ಟಿ ಬಳಗದ ಸಂಸ್ಥಾಪಕಿಯೂ ಆದ ಶ್ರೀಮತಿ ಬಸಲಿಂಗವ್ವನವರೇ, ಅವರ ಪತಿಯೂ ಬಳಗದ ಕಾರ್ಯದರ್ಶಿಯೂ ಆದ ನಾಗಲಿಂಗಪ್ಪನವರೇ, ವೇದಿಕೆಯಲ್ಲಿ ಜಾಗ ಸಾಲದೆ ಕೆಳಗೆ ಕುಳಿತಿರುವ ಸಮಿತಿಯವರೇ, ಮೂರನೆಯ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿರುವ ನನ್ನ ಧರ್ಮಪತ್ನಿ ವತ್ಸಲಾ ಅವರೇ, ಹಿಂದಿನ ಕೋಣೆಯಿಂದ ಎಣ್ಣೆಗಾಯಿಯ ವಾಸನೆ ಬರುತ್ತಿದ್ದರೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ನಿಮ್ಮ ಬಳಗದ ಐದನೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೀರಿ. ಬಸಲಿಂಗವ್ವನವರು ಫೋನ್ ಮಾಡಿ ಹೇಳಿದರು, ‘ಹಲಗಲಿ ಬಂಡಾಯಕ್ಕ ಈ ನವೆಂಬರಕ್ಕ ನೂರಾ ಐವತ್ತು ವರ್ಷ ಆದ್ವು. ಅದಕ್ಕ ಕಾರಣ ಏನು, ಮೊದಲಿಗೆ ಹೆಂಗ ಸುರು ಆತು, ಅಷ್ಟ ಹೇಳ್ರಿ ಸತ್ಯನಾರಾಯಣ ಅವರ.’ ತಾಯಿ, ನಾನು ಇತಿಹಾಸ ಓದಿದವನಲ್ಲ, ಕೌನ್ಸಿಲ್ಲಿನ ಆಹಾರ ಸುರಕ್ಷತಾ ವಿಭಾಗದಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು, ಬಂಡಾಯದ ಬಗ್ಗೆ ನನಗೇನು ಗೊತ್ತು ಎಂದೆ. ‘ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ, ಬರ್ರಿ’ ಎಂದು ಫೋನ್ ಇಟ್ಟುಬಿಟ್ಟರು. ಇದನ್ನು ಹೊಗಳಿಕೆ ಎಂದೇ ತಿಳಿದು ಬಂದಿದ್ದೇನೆ.

ನಿಮ್ಮಲ್ಲಿ ಹೊಸಬರಿಗಾಗಿ ಒಂದು ಮಾತು. ಥೇಮ್ಸ್ ಕನ್ನಡ ಪರಿಷತ್ತಿಗೆ ನಾನು ಹನ್ನೊಂದು ವರ್ಷದಿಂದ ಅಧ್ಯಕ್ಷ. ಇಲ್ಲಿರುವ ಬಹುಪಾಲು ಜನ ಒಂದು ಕಾಲಕ್ಕೆ ನಮ್ಮವರೇ. ಪರಿಷತ್ತು ಒಡೆಯಿತು ಎಂದು ಕೆಲವರು ಹೇಳುತ್ತಾರೆ. ನಾನು ಆ ಮಾತನ್ನು ಬಳಸುವುದಿಲ್ಲ. ಪರಿಷತ್ತು ಇದ್ದಲ್ಲೇ ಇದೆ, ಜನ ಮಾತ್ರ ಬೇರೆ ಕಡೆ ಇದ್ದಾರೆ. ನನ್ನ ಮನೆಯವರು ಕೂಡ ರೊಟ್ಟಿ ಹಬ್ಬದ ತಯಾರಿಗೆಂದು ಶ್ರಾವಣದಲ್ಲಿ ಬಸಲಿಂಗವ್ವನವರ ಮನೆಗೆ ಬಂದವರು, ಕಾರ್ತಿಕ ಬಂದರೂ ಕೊಲಿಂಡೇಲಿನ ನಮ್ಮ ಮನೆಗೆ ಹಿಂದಿರುಗಿಲ್ಲ. ಅದು ನಮ್ಮ ಮನೆಯ ವಿಷಯ. ಈ ಭಾಷಣದಲ್ಲಿ ಅದನ್ನು ಎತ್ತುವುದಿಲ್ಲ.

ವಿಷಯಕ್ಕೆ ಬರೋಣ. ಹಲಗಲಿ ಎಂದರೆ ಮುಧೋಳದ ಬಳಿಯ ಒಂದು ಸಣ್ಣ ಊರು. ಅಲ್ಲಿಯ ಬೇಡರಿಗೆ ಕತ್ತಿ, ಕೋವಿ ಎಂದರೆ ಮನೆಯ ಸಾಮಾನು. ಬೇಟೆಗೂ ಅದೇ, ಊರ ಕಾವಲಿಗೂ ಅದೇ, ಹಬ್ಬದ ದಿನ ಪೂಜೆಗೂ ಅದೇ. ಅಂಥವರಿಗೆ ಸರ್ಕಾರ ಹೇಳಿತು: ನಿಮ್ಮ ಆಯುಧಗಳನ್ನು ತಂದು ತೋರಿಸಿ, ನೋಂದಾಯಿಸಿ, ಪರವಾನಗಿ ಪಡೆಯಿರಿ, ಪರವಾನಗಿ ಇಲ್ಲದ್ದನ್ನು ಒಪ್ಪಿಸಿ. ಸರ್ಕಾರದ ದೃಷ್ಟಿಯಿಂದಲೂ ಒಮ್ಮೆ ನೋಡಬೇಕಲ್ಲವೇ? ಉತ್ತರದಲ್ಲಿ ದಂಗೆ ಎದ್ದಿದೆ. ನಾಳೆ ಏನಾದರೂ ಅನಾಹುತವಾದರೆ ಯಾರು ಹೊಣೆ? ನಿಯಮ ಎಲ್ಲರ ಒಳ್ಳೆಯದಕ್ಕೇ ಇರುತ್ತದೆ. ಆದರೂ ನಾವು ಎಷ್ಟು ಸಮಾಧಾನದಿಂದ ತಿಳಿಸಿ ಹೇಳಿದರೂ ಅವರು ಕೇಳಲಿಲ್ಲ. ಕ್ಷಮಿಸಿ, ನಾವು ಅಲ್ಲ, ಬ್ರಿಟಿಷರು.

ನಗಬೇಡಿ. ಬಾಯಿತಪ್ಪಿ ಬಂದ ಮಾತು.

ನಾವು ಶಾಲೆಯಲ್ಲಿ ಓದಿದ ಹಾಗೆ ಪ್ರತಿ ಬಂಡಾಯಕ್ಕೂ ದೂರದ ಕಾರಣ, ಹತ್ತಿರದ ಕಾರಣ ಎಂದು ಎರಡು ಬಗೆ. ಮೊದಲು ಹತ್ತಿರದ್ದನ್ನು ಹೇಳುತ್ತೇನೆ, ಅದು ಸುಲಭ. ಎರಡು ಸಾವಿರದ ಎರಡನೆಯ ಇಸವಿಯ ಯುಗಾದಿ. ಹಲಗಲಿಯದಲ್ಲ, ನಮ್ಮದು. ಹೋಲಿಸಿ ಹೇಳಿದರೆ ಮಕ್ಕಳಿಗೂ ತಿಳಿಯುತ್ತದೆ ಎಂದು ಹೇಳುತ್ತಿದ್ದೇನೆ, ಬೇರೆ ಉದ್ದೇಶವಿಲ್ಲ. ಅಲ್ಲಿಯವರೆಗೆ ಪರಿಷತ್ತಿನ ಹಬ್ಬಗಳಿಗೆ ನಮ್ಮ ಮೈಸೂರು-ಬೆಂಗಳೂರಿನವರು ಹೋಟೆಲಿನಿಂದ ಬಿಸಿಬೇಳೆಬಾತ್ ತರಿಸುತ್ತಿದ್ದರು, ಧಾರವಾಡ-ವಿಜಾಪುರದ ಹೆಣ್ಣುಮಕ್ಕಳು ಮನೆಯಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಬಟ್ಟೆಯಲ್ಲಿ ಸುತ್ತಿ, ಹಾಲ್‌ನ ಮೂಲೆಯಲ್ಲಿ ಬಿಚ್ಚಿ, ಕಂಡವರಿಗೆಲ್ಲ ಕೊಡುವುದು. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಯಾವ ಅಡುಗೆಮನೆಯಲ್ಲಿ ಮಾಡಿದ್ದು, ಒಂದು ಚೀಟಿಯಾದರೂ ಇರುತ್ತಿತ್ತೇ? ಆಹಾರ ಸುರಕ್ಷತೆಯಲ್ಲಿ ಸಂಬಳ ತಿನ್ನುವ ಮನುಷ್ಯ ಅಧ್ಯಕ್ಷನಾಗಿದ್ದು ಇದನ್ನು ನೋಡಿಕೊಂಡು ಸುಮ್ಮನಿರಬಹುದೇ?

ನಾನು ನಿಯಮ ತಂದೆ. ಮನೆಯ ಅಡುಗೆ ತರುವವರು ಒಂದು ವಾರ ಮುಂಚೆ ನೋಂದಾಯಿಸಬೇಕು, ಬಾಗಿಲಲ್ಲಿ ತಪಾಸಣೆಗೆ ಒಪ್ಪಿಸಬೇಕು. ಸಮಿತಿ ಒಮ್ಮತದಿಂದ ಅಂಗೀಕರಿಸಿತು. ಸಮಿತಿಯಲ್ಲಿ ಧಾರವಾಡ-ವಿಜಾಪುರದ ಕಡೆಯವರು ಒಬ್ಬರೂ ಇರಲಿಲ್ಲ ಎಂದು ಬಸಲಿಂಗವ್ವನವರು ಇಂದಿಗೂ ಹೇಳುತ್ತಾರೆ. ಅದು ತಪ್ಪು. ನಾಗಲಿಂಗಪ್ಪನವರು ಇದ್ದರು. ಕುರ್ಚಿ ಉಪಸಮಿತಿಯ ಸಂಚಾಲಕರಾಗಿದ್ದರು. ಸಭೆ ಶುರುವಾಗುವ ಮೊದಲು ಕುರ್ಚಿ ಜೋಡಿಸುವುದು, ಮುಗಿದ ಮೇಲೆ ತೆಗೆದಿಡುವುದು. ನಡುವೆ ಸಭೆ ನಡೆಯುವಾಗ ಅವರಿಗೆ ಹೊರಗೆ ವಿಶ್ರಾಂತಿ ಇರುತ್ತಿತ್ತು.

ಯುಗಾದಿಯ ದಿನ ನಾನು ಬಾಗಿಲಲ್ಲಿ ನಿಂತೆ, ಕೈಯಲ್ಲಿ ಇಲಾಖೆಯ ಪ್ರೋಬ್ ಹಿಡಿದು. ಪ್ರೋಬ್ ಎಂದರೆ ಅಡುಗೆಯ ಒಳಗೆ ಚುಚ್ಚಿ ಶಾಖ ನೋಡುವ ಕಡ್ಡಿ. ಈ ದೇಶದ ನಿಯಮ ಸರಳವಾಗಿದೆ. ಬಿಸಿ ಅಡುಗೆ ಅರವತ್ತಮೂರು ಡಿಗ್ರಿಯ ಮೇಲಿರಬೇಕು, ತಣ್ಣನೆಯದು ಎಂಟರ ಕೆಳಗಿರಬೇಕು. ನಡುವಿನದೆಲ್ಲ ಅಪಾಯ. ಬಸಲಿಂಗವ್ವನವರು ಬುತ್ತಿ ಇಳಿಸಿದರು. ನಾನು ಕಡ್ಡಿ ಚುಚ್ಚಲು ಹೋದೆ. ರೊಟ್ಟಿ ಟಪ್ ಎಂದು ಮುರಿಯಿತು. ಇನ್ನೊಂದಕ್ಕೆ ಚುಚ್ಚಿದೆ, ಅದೂ ಮುರಿಯಿತು. ಕೊನೆಗೆ ಎರಡು ರೊಟ್ಟಿಯ ನಡುವೆ ಕಡ್ಡಿಯನ್ನು ಮಲಗಿಸಿ ನೋಡಿದೆ. ಹತ್ತೊಂಬತ್ತು ಡಿಗ್ರಿ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಹಿಂದೆ ಕ್ಯೂ ಬಾಗಿಲಿನಿಂದ ಬಸ್ ಸ್ಟಾಪಿನವರೆಗೆ ಬೆಳೆದಿತ್ತು. ಆಗ ಬಸಲಿಂಗವ್ವನವರು ಹೇಳಿದ ಮಾತು ನಿಮಗೆಲ್ಲ ಬಾಯಿಪಾಠವಾಗಿದೆ ಎಂದು ಕೇಳಿದ್ದೇನೆ.

‘ಅದಕ್ಕ ಜ್ವರ ಬಂದಿಲ್ರಿ ಸಾಹೇಬ್ರ. ಕಡ್ಡಿ ತಗೀರಿ.’

ಈಗ ನಕ್ಕಿರಿ, ಸರಿ. ಅಂದೂ ಕ್ಯೂನಲ್ಲಿದ್ದವರೆಲ್ಲ ನಕ್ಕರು. ಅಧಿಕಾರದಲ್ಲಿ ಇರುವವನನ್ನು ಬೈದರೆ ಅವನು ತಡೆದುಕೊಳ್ಳುತ್ತಾನೆ, ನಕ್ಕರೆ ತಡೆದುಕೊಳ್ಳುವುದಿಲ್ಲ. ಇದು ಹಲಗಲಿಗೂ ಅನ್ವಯಿಸುತ್ತದೆ ಎಂದುಕೊಳ್ಳುತ್ತೇನೆ. ಬುತ್ತಿಗಳನ್ನೆಲ್ಲ ಸ್ಟೋರ್ ರೂಮಿನಲ್ಲಿಟ್ಟು ಬೀಗ ಹಾಕಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಹಿಂದಿರುಗಿಸಿದೆ, ಕದ್ದಿಟ್ಟುಕೊಳ್ಳಲಿಲ್ಲ. ಒಣಗಿದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ನಿಯಮದಲ್ಲಿ ಒಣಗಿದ್ದಕ್ಕೆ ಬೇರೆ ಕಲಮಿತ್ತು. ಆದರೆ ಅಷ್ಟು ಜನ ನಗುತ್ತಿರುವಾಗ ಕಲಮು ಹುಡುಕುತ್ತ ನಿಲ್ಲಲಾಗುತ್ತದೆಯೇ?

ಮುಂದೆ ಹೇಗೆ ನಡೆಯಿತು? ಹಲಗಲಿಯಲ್ಲಿ ಊರಿನವರು ಒಂದಾದರು. ತಿಳಿಹೇಳಲು ಬಂದವರನ್ನು ಹಿಂದಕ್ಕೆ ಕಳಿಸಿದರು. ಅಕ್ಕಪಕ್ಕದ ಊರುಗಳಿಂದಲೂ ಜನ ಬಂದು ಸೇರಿದರು. ನಮ್ಮಲ್ಲಿ ಆ ವರ್ಷದ ರಾಜ್ಯೋತ್ಸವಕ್ಕೆ ಹೆಣ್ಣುಮಕ್ಕಳು ಒಳಗೇ ಬರಲಿಲ್ಲ. ಹಾಲ್‌ನ ಹೊರಗೆ ಕಾರ್ ಪಾರ್ಕಿನಲ್ಲಿ, ನವೆಂಬರಿನ ಆ ಚಳಿಯಲ್ಲಿ, ಕಾರಿನ ಡಿಕ್ಕಿ ತೆರೆದು ಅದರಲ್ಲೇ ಬುತ್ತಿ ಬಿಚ್ಚಿದರು. ಕೋಟು, ಟೋಪಿ, ಕೈಗವಸು ಹಾಕಿಕೊಂಡೇ ರೊಟ್ಟಿ ಮುರಿದರು. ಮೊದಲು ಧಾರವಾಡದವರು ಹೊರಗೆ ಹೋದರು, ಆಮೇಲೆ ಮಕ್ಕಳು, ಆಮೇಲೆ ನಮ್ಮ ಬೆಂಗಳೂರಿನವರೇ ಒಬ್ಬೊಬ್ಬರಾಗಿ ಫೋನ್ ಬಂದಿದೆ ಎಂದು ಎದ್ದರು. ಭಾವಗೀತೆ ಹಾಡುತ್ತಿದ್ದವರು ಎರಡನೆಯ ಚರಣ ಬಿಟ್ಟು ಮುಗಿಸಿ ಓಡಿದರು. ಒಳಗೆ ಉಳಿದದ್ದು ನಾನು, ವತ್ಸಲಾ, ಮತ್ತು ಅರವತ್ತಮೂರು ಡಿಗ್ರಿಯಲ್ಲಿ ಬಿಸಿಬೇಳೆಬಾತ್.

ವತ್ಸಲಾ ಕಿಟಕಿಯ ಹತ್ತಿರ ನಿಂತಿದ್ದರು. ಆಮೇಲೆ ಕೋಟು ಹಾಕಿಕೊಂಡರು, ಹೊರಗೆ ಹೋದರು. ನಾನು ಕಿಟಕಿ ತೆರೆದು ನೋಡಿದೆ. ಡಿಕ್ಕಿಯ ಮುಂದೆ ನಿಂತು ಕೈಯೊಡ್ಡಿ, ‘ನನಗೂ ಒಂದೀಟು ಕೊಡ್ರೆವಾ, ಭಾಳ ದಿನಾ ಆತು’ ಎಂದರು. ನಿಮಗೆ ಇದು ಏನೂ ಅನ್ನಿಸದಿರಬಹುದು. ವತ್ಸಲಾ ಧಾರವಾಡದ ಹುಡುಗಿ. ನನ್ನ ಕೈ ಹಿಡಿದು ಲಂಡನ್ನಿಗೆ ಬಂದು ನನ್ನ ಹಾಗೆಯೇ ಮಾತಾಡುವುದನ್ನು ಕಲಿತರು. ಫೋನಿನಲ್ಲಿ ಕೇಳಿದವರು ಮೈಸೂರಿನವರು ಎಂದೇ ತಿಳಿಯುತ್ತಿದ್ದರು, ನನಗೆ ಅದು ಹೆಮ್ಮೆಯ ವಿಷಯವಾಗಿತ್ತು. ಆ ದಿನ ಅವರ ಬಾಯಲ್ಲಿ ಆ ಮಾತು ಕೇಳಿ ಬೇರೆ ಯಾರೋ ಹೆಂಗಸು ನಿಂತಿದ್ದಾರೆ ಎನ್ನಿಸಿತು. ಆ ಹೆಂಗಸು ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ.

ಈಗ ದೂರದ ಕಾರಣ. ಇದು ಸ್ವಲ್ಪ ಹಿಂದಿನದು. ಎಪ್ಪತ್ತಾರರಲ್ಲಿ ಕೊಲಿಂಡೇಲಿನಲ್ಲಿ ಮೇಲಿನ ಮಹಡಿಯ ಫ್ಲ್ಯಾಟಿನಲ್ಲಿ ನಮ್ಮ ಸಂಸಾರ ಶುರುವಾಯಿತು. ವತ್ಸಲಾ ತವರಿನಿಂದ ರೊಟ್ಟಿ ಬಡಿಯುವ ಹಲಗೆಯನ್ನು ಸೀರೆಗಳ ನಡುವೆ ಇಟ್ಟು ತಂದಿದ್ದರು. ದಿನಾ ಸಂಜೆ ಬಡಿಯುತ್ತಿದ್ದರು. ಒಂದು ದಿನ ನನ್ನ ಮೇಲಧಿಕಾರಿ ಚಹಾಕ್ಕೆ ಬಂದಾಗ ಆ ಸದ್ದು ಕೇಳಿ, ಗೋಡೆ ಒಡೆಸುತ್ತಿದ್ದೀರಾ ಎಂದು ಕೇಳಿದರು. ನಾನೂ ನಕ್ಕು ಹೌದು ಎಂದೆ. ಮಾರನೆಯ ದಿನವೇ ಕೆಳಗಿನ ಮನೆಯ ಮಿಸೆಸ್ ಪ್ರಿಚರ್ಡ್ ಸದ್ದಿನ ಬಗ್ಗೆ ದೂರು ಕೊಟ್ಟರು. ಪರದೇಶದಲ್ಲಿ ನೆರೆಹೊರೆಯವರನ್ನು ನೋಯಿಸಬಾರದಲ್ಲ. ವತ್ಸಲಾಗೆ ವಿಷಯ ತಿಳಿಸಿದೆ. ಅವರು ಹಲಗೆಯನ್ನು ಬೀರುವಿನ ಮೇಲಿಟ್ಟರು. ಇಷ್ಟೇ. ಬಲವಂತವಿಲ್ಲ, ಜಗಳವಿಲ್ಲ.

ಮಿಸೆಸ್ ಪ್ರಿಚರ್ಡ್ ಬಹಳ ಒಳ್ಳೆಯ ಹೆಂಗಸು, ಹೇಳಲೇಬೇಕು. ನಮ್ಮ ಮಗಳು ಸ್ಮೃತಿ ಕೂಸಾಗಿದ್ದಾಗ ರಾತ್ರಿಯೆಲ್ಲ ಅಳುತ್ತಿದ್ದಳು, ಆ ತಾಯಿ ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಪಾಪ, ಯುದ್ಧದಲ್ಲಿ ಬಾಂಬು ಬಿದ್ದಾಗ ಅವರ ಎರಡೂ ಕಿವಿ ಹೋಗಿದ್ದವು. ಬೆಲ್ ಒತ್ತಿದರೆ ಕೇಳುತ್ತಿರಲಿಲ್ಲ, ಕಿಟಕಿಯ ಮುಂದೆ ನಿಂತು ಕೈ ಬೀಸಬೇಕಾಗಿತ್ತು.

ಯಾಕೆ ನಗುತ್ತಿದ್ದೀರಿ?

ಹೌದು. ಸರಿ. ಅದು... ಈಗ ಆ ಮಾತು ಬೇಡ. ಬಸಲಿಂಗವ್ವನವರೇ, ಒಂದು ಲೋಟ ನೀರು ಸಿಗುತ್ತದೆಯೇ?

ವತ್ಸಲಾ, ಸಭೆಯೆಲ್ಲ ನಗುತ್ತಿದೆ, ನೀನು ನಗುತ್ತಿಲ್ಲ. ಆಶ್ಚರ್ಯವನ್ನೂ ಪಡುತ್ತಿಲ್ಲ. ಹಾಗಾದರೆ ನಿನಗೆ ಗೊತ್ತಿತ್ತೇ? ಗೊತ್ತಿರಲೇಬೇಕು, ಆಕೆಯ ಕಿಟಕಿಯ ಮುಂದೆ ದಿನಾ ನಿಂತು ಕೈ ಬೀಸುತ್ತಿದ್ದವಳು ನೀನೇ ಅಲ್ಲವೇ. ಗೊತ್ತಿದ್ದೂ ಹಲಗೆಯನ್ನು ಮೇಲಿಟ್ಟೆಯಾ? ಮೂವತ್ತೊಂದು ವರ್ಷ?

ಸಭಿಕರು ಕ್ಷಮಿಸಬೇಕು. ವಿಷಯಾಂತರವಾಯಿತು. ಹಲಗಲಿ.

ಹಲಗಲಿಯ ಬಂಡಾಯ ಹೇಗೆ ಮುಗಿಯಿತು ಎಂಬುದು ಎಲ್ಲರಿಗೂ ತಿಳಿದದ್ದೇ. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅದನ್ನು ನಮ್ಮ ಜಗಳಕ್ಕೆ ಹೋಲಿಸುವುದು ಸರಿಯಲ್ಲ, ಸತ್ತವರಿಗೆ ಅವಮಾನವಾಗುತ್ತದೆ. ಅಲ್ಲಿ ಪ್ರಾಣ ಹೋಯಿತು. ಇಲ್ಲಿ ಹೋದದ್ದು ಸದಸ್ಯತ್ವ. ಈ ಸಲದ ನಮ್ಮ ಸರ್ವಸದಸ್ಯರ ಸಭೆಗೆ ಬಂದವರು ನಾನು, ಕಾರ್ಯದರ್ಶಿ ಲಕ್ಷ್ಮೀಶ, ಮತ್ತು ವಿಳಾಸ ತಪ್ಪಿ ಬಂದ ಒಬ್ಬ ತಮಿಳು ಗೃಹಸ್ಥರು. ಅವರು ಸಂಕೋಚಕ್ಕೆ ಕೊನೆಯವರೆಗೆ ಕುಳಿತಿದ್ದು ವಂದನಾರ್ಪಣೆಗೆ ಚಪ್ಪಾಳೆಯನ್ನೂ ತಟ್ಟಿದರು. ಲಕ್ಷ್ಮೀಶ ಇವತ್ತು ನನ್ನ ಕೈಗೆ ಒಂದು ಪ್ರಸ್ತಾಪ ಕೊಟ್ಟು ಕಳಿಸಿದ್ದಾರೆ. ನೀವು ಮರಳಿ ಬಂದರೆ ಅಡುಗೆಯ ವಿಷಯದಲ್ಲಿ ನಿಮಗೆ ಪೂರ್ಣ ಸ್ವಾಯತ್ತತೆ, ನಾಗಲಿಂಗಪ್ಪನವರಿಗೆ ಉಪಾಧ್ಯಕ್ಷ ಸ್ಥಾನ, ಕೂರಲು ಕುರ್ಚಿ ಸಮೇತ. ಓದಿ ಹೇಳಿ ಎಂದಿದ್ದರು. ಹೇಳಿದ್ದೇನೆ. ನಾಗಲಿಂಗಪ್ಪನವರು ನಗುತ್ತಿರುವುದನ್ನು ನೋಡಿದರೆ ಉತ್ತರವೂ ತಿಳಿಯಿತು.

ಇನ್ನು ನನ್ನ ಸ್ವಂತದ್ದು. ನಿಮ್ಮ ಬಳಗದಲ್ಲಿ ಒಂದೇ ನಿಯಮ ಎಂದು ಕೇಳಿದೆ: ಬರುವವರು ಮನೆಯಲ್ಲಿ ಮಾಡಿದ್ದನ್ನು ಏನಾದರೂ ತರಬೇಕು, ಮುಖ್ಯ ಅತಿಥಿಗೂ ವಿನಾಯಿತಿ ಇಲ್ಲ. ಈ ಡಬ್ಬಿಯಲ್ಲಿ ನಾಲ್ಕು ರೊಟ್ಟಿ ಇವೆ. ನಾನೇ ಬಡಿದದ್ದು. ಬೀರುವಿನ ಮೇಲಿನ ಹಲಗೆಯನ್ನು ಇಳಿಸಿ, ಧೂಳು ಒರೆಸಿ, ಜೋಳದ ಹಿಟ್ಟಿಗೆ ಬಿಸಿನೀರು ಹಾಕಬೇಕು ಎಂಬುದು ತಿಳಿಯದೆ ಎರಡು ದಿನ ಕೆಡಿಸಿ, ಮೂರನೆಯ ದಿನ ಇಷ್ಟಾದವು. ದುಂಡಗಿಲ್ಲ. ಅಂಚು ಸೀಳಿದೆ. ಒಂದು ಕಡೆ ಸುಟ್ಟಿದೆ, ಇನ್ನೊಂದು ಕಡೆ ಬೆಂದಿಲ್ಲ. ನಾನು ಇನ್ನೂ ಇನ್ಸ್‌ಪೆಕ್ಟರ್ ಆಗಿದ್ದಿದ್ದರೆ ಖಂಡಿತ ಒಳಗೆ ಬಿಡುತ್ತಿರಲಿಲ್ಲ.

ಡಬ್ಬಿಯ ಪಕ್ಕದಲ್ಲಿ ಪ್ರೋಬನ್ನೂ ಇಟ್ಟಿದ್ದೇನೆ. ಬಸಲಿಂಗವ್ವನವರು ಬೇಕಾದರೆ ಚುಚ್ಚಿ ನೋಡಲಿ, ಬೇಡವಾದರೆ ಬೀಗ ಹಾಕಿ ಇಟ್ಟುಕೊಳ್ಳಲಿ. ಹಿಂದಿರುಗಿಸಬೇಕಾಗಿಲ್ಲ.

ಅಧ್ಯಕ್ಷರಿಗೆ, ಸಮಿತಿಗೆ, ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮ್ಮೆಲ್ಲರಿಗೆ ನನ್ನ ಧನ್ಯವಾದ. ವತ್ಸಲಾ, ನಿನಗೆ ಬೇರೆ ಧನ್ಯವಾದ ಹೇಳಬೇಕಾಗಿತ್ತು, ಅದಕ್ಕೆ ಸಭೆ ಸಾಲದು. ಒಂದು ವಿಷಯ ಮಾತ್ರ ತಿಳಿಸಿ ಕೂರುತ್ತೇನೆ. ಮಿಸೆಸ್ ಪ್ರಿಚರ್ಡ್ ಇದ್ದ ಮನೆಯಲ್ಲಿ ಈಗ ನಿತೀಶ, ಸೃಷ್ಟಿ ಎಂಬ ಗಂಡಹೆಂಡತಿ ಬಾಡಿಗೆಗಿದ್ದಾರೆ. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳಿಸುತ್ತದೆ. ನಿನ್ನೆ ನಾನೇ ಕೆಳಗಿಳಿದು, ಬೆಲ್ ಒತ್ತಿ, ದಿನಾ ಸಂಜೆ ಮೇಲೆ ರೊಟ್ಟಿ ಬಡಿದರೆ ನಿಮಗೆ ತೊಂದರೆಯೇ ಎಂದು ಕೇಳಿ ಬಂದಿದ್ದೇನೆ. ಅವರದೇನೂ ದೂರಿಲ್ಲ.

ನಮಸ್ಕಾರ.