ಸಂಚಿಯಲ್ಲಿ ಎಷ್ಟಿತ್ತು

ಅಧ್ಯಕ್ಷ ಪೀಠವನ್ನು ಅಂಚಿನಿಂದ ಅಂಚಿಗೆ ತುಂಬಿಕೊಂಡು ಕುಳಿತಿರುವ ನಮ್ಮ ಸಂಘದ ಮಹಾಬಲೇಶ್ವರ ಅವರೇ, ಅಡಿಲೇಡ್, ಬ್ರಿಸ್ಬೇನ್‌ಗಳಿಂದ ವಿಮಾನ ಹತ್ತಿ ಬಂದ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಟೋಪಿ ತೆಗೆಯದೆ ಕುಳಿತಿರುವ ನನ್ನ ಪಕ್ಕದ ಮನೆಯ ಸೆಲ್ವಿನ್ ಅವರೇ, ಥಾರ್ನ್ಲಿಯ ಈ ಸಭಾಂಗಣಕ್ಕೆ ಬಿಸಿಬೇಳೆ ಬಾತಿನ ವಾಸನೆ ಹಿಡಿದು ಬಂದಿರುವ ಸಭಿಕರೇ,

ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟದವರು ಇವತ್ತಿಗೂ ಈ ಉಮಾಕಾಂತನನ್ನು ಕೇಳದೆ ಒಂದು ಬಳ್ಳಿಗೂ ಕತ್ತರಿ ಹಾಕುವುದಿಲ್ಲ. ನಗಬೇಡಿ. ನಾಗಮಂಗಲದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವನಿಗೆ ಇನ್ನೇನು ಬೇಕು?

ಅಧ್ಯಕ್ಷರು ನನಗೆ ಕೊಟ್ಟ ವಿಷಯ ‘ನಿತ್ಯಜೀವನದಲ್ಲಿ ಅಧ್ಯಾತ್ಮ’. ನನಗೆ ಕೊಟ್ಟಿದ್ದೇಕೆ ಎಂದು ಮೊದಲಿನಿಂದಲೂ ಅನುಮಾನ. ನನಗೆ ಅನುಮಾನವೆಂದರೆ ಉಸಿರಾಟದ ಹಾಗೆ. ಅಳಿಯ ಗುರುದತ್ ಕಾಫಿಗೆ ಸಕ್ಕರೆ ಹೆಚ್ಚು ಹಾಕಿಕೊಟ್ಟರೆ, ಈತ ಏನನ್ನು ಮುಚ್ಚಿಡುತ್ತಿದ್ದಾನೆ ಎಂದು ಯೋಚಿಸುವವನು ನಾನು.

ಅಂಥವನ ಪಕ್ಕದ ಮನೆಗೆ ಸೆಲ್ವಿನ್ ಬಂದರು. ಯಹೂದಿಗಳು, ದಕ್ಷಿಣ ಆಫ್ರಿಕಾದಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು. ಮನೆ ಮುಂದೆ ಎರಡು ಕಾರು. ಶನಿವಾರ ಮಾತ್ರ ಬಿಸಿಲಲ್ಲಿ ನಡೆದೇ ಪ್ರಾರ್ಥನೆಗೆ ಹೋಗುತ್ತಾರೆ. ಆ ದಿನ ದೀಪದ ಸ್ವಿಚ್ ಮುಟ್ಟುವುದಿಲ್ಲ, ದುಡ್ಡು ಮುಟ್ಟುವುದಿಲ್ಲ. ದುಡ್ಡು ಮುಟ್ಟದ ಮನುಷ್ಯನನ್ನು ನಂಬುವುದು ಹೇಗೆ, ನೀವೇ ಹೇಳಿ?

ಹೋದ ತಿಂಗಳು ಒಂದು ಶನಿವಾರ. ನಾನು ವಾಕಿಂಗ್ ಮುಗಿಸಿ ಬಂದು ಪರದೆ ಸರಿಸಿ ನೋಡುತ್ತೇನೆ, ಸೆಲ್ವಿನ್ ರಸ್ತೆ ಬದಿಯ ಹುಲ್ಲಿನಲ್ಲಿ ನಿಂತಿದ್ದಾರೆ. ಊಟ ಮಾಡಿ ಬಂದು ನೋಡುತ್ತೇನೆ, ನಿಂತಿದ್ದಾರೆ. ನಿದ್ದೆ ಮಾಡಿ ಎದ್ದು ನೋಡುತ್ತೇನೆ, ಅದೇ ಜಾಗ, ಅದೇ ಟೋಪಿ. ಆಕಾಶದಲ್ಲಿ ನಕ್ಷತ್ರ ಮೂಡಿತು. ಆಗ ಮನುಷ್ಯ ಬಗ್ಗಿದರು, ಏನನ್ನೋ ಎತ್ತಿಕೊಂಡು ಒಳಗೆ ಹೋದರು. ನಾನು ಸೊಂಟ ಮುಟ್ಟಿ ನೋಡಿಕೊಂಡೆ. ಸಂಚಿ ಇಲ್ಲ!

ಆ ಸಂಚಿ ನನ್ನ ಹೆಂಡತಿ ಕಮಲಾ ತನ್ನ ಸೀರೆಯ ಸೆರಗಿನಿಂದ ಹೊಲಿದದ್ದು. ಅವಳು ಹೋದ ಮೇಲೆ ಎಲೆಯಡಿಕೆ ಬಿಟ್ಟೆ, ಸಂಚಿ ಬಿಟ್ಟಿರಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಈಗಲೂ ಲವಂಗದ ವಾಸನೆ. ಇರಲಿ, ಅದು ಸಭೆಯಲ್ಲಿ ಹೇಳುವ ಮಾತಲ್ಲ.

ಸರಿಯಾಗಿ ಅದೇ ಹೊತ್ತಿಗೆ ಅಧ್ಯಕ್ಷರ ಫೋನು. “ಅಂಕಲ್, ಇಡೀ ಊಟದ ಖರ್ಚು ನಂದೇ ಅಂದಿದ್ರಲ್ಲ, ಅಡುಗೆಯವ್ರು ಕೇಳ್ತಿದಾರೆ. ಯಾವಾಗ ಕೊಡ್ತೀರಾ?”

ಹೌದು, ಅಂದಿದ್ದೆ. ಮೂರು ಸಾವಿರ ಡಾಲರ್, ಎದೆ ತಟ್ಟಿಕೊಂಡು ಅಂದಿದ್ದೆ. ನಾನೇನು ಮಾಡಲಿ?

“ಅಯ್ಯೋ, ಆ ಮೂರು ಸಾವಿರ ಸಂಚೀಲೇ ಇತ್ತು ಕಣಪ್ಪ! ಪಕ್ಕದ್ಮನೆಯವ್ನು ಎತ್ಕೊಂಡು ಹೋದ. ಕಣ್ಣಾರೆ ನೋಡ್ದೆ!”

ಬೆಳಗಾಗುವಷ್ಟರಲ್ಲಿ ಅದು ವಾಟ್ಸಾಪಿನಲ್ಲಿ ಅಡಿಲೇಡ್ ಮುಟ್ಟಿ, ಬ್ರಿಸ್ಬೇನ್ ದಾಟಿತ್ತು.

ಭಾನುವಾರ ಬೆಳಿಗ್ಗೆ ಸೆಲ್ವಿನ್ ಬೀದಿಯ ಮನೆಮನೆಯ ಬಾಗಿಲು ತಟ್ಟುತ್ತಾ ನಮ್ಮಲ್ಲಿಗೂ ಬಂದರು. ಮಗಳು ಹಂಸಾ, ಅಳಿಯ, ಎಲ್ಲರೂ ಬಾಗಿಲಲ್ಲಿ. ನಮ್ಮಿಬ್ಬರ ನಡುವೆ ದುಭಾಷಿ ಮೊಮ್ಮಗಳು ಅದಿತಿ. ಈಗಲೂ ಅವರ ಪಕ್ಕ ಕುಳಿತು ನನ್ನ ಭಾಷಣವನ್ನು ಕಿವಿಯಲ್ಲಿ ಊದುತ್ತಿದ್ದಾಳೆ. ಎಲ್ಲವನ್ನೂ ಹೇಳಬೇಡ ಪುಟ್ಟಿ.

ಏನೋ ಸಿಕ್ಕಿದೆ, ಕಳೆದುಕೊಂಡವರು ಗುರುತು ಹೇಳಬೇಕು ಎಂದರು. ಹೇಳಿದೆ: ಕೆಂಪು ಸೆರಗು, ಹಳದಿ ದಾರ. ತಲೆಯಾಡಿಸಿದರು. “ತಾತಾ, ಹೌ ಮಚ್ ಮನಿ?” ಎಂದಳು ಅದಿತಿ. ಅಳಿಯ ನನ್ನ ಮುಖ ನೋಡುತ್ತಿದ್ದ. “ಮೂರು ಸಾವಿರ” ಎಂದೆ.

ಸೆಲ್ವಿನ್ ಟೋಪಿ ಸರಿಮಾಡಿಕೊಂಡರು. ಆಮೇಲೆ ಅಂದರು: “ಸಂಚಿ ಹೊಂದುತ್ತದೆ, ದುಡ್ಡು ಹೊಂದುವುದಿಲ್ಲ. ಒಂದೋ ಇದು ನಿಮ್ಮದಲ್ಲ, ಇಲ್ಲವೇ ಉಳಿದದ್ದನ್ನು ನಾನು ತಿಂದಿದ್ದೇನೆ. ಯಾವುದೆಂದು ನೀವೇ ಹೇಳಿ.”

ನಾನು ಹೇಳಲಿಲ್ಲ. ಅವರು ಕೊಡಲಿಲ್ಲ.

ವಾರ ಕಳೆದ ಮೇಲೆ, ಮನೆಯವರು ಇಲ್ಲದ ಹೊತ್ತು ನೋಡಿ, ಬೇಲಿಯ ಮೇಲೆ ಬಗ್ಗಿ ನನ್ನ ಏಳನೇ ತರಗತಿಯ ಇಂಗ್ಲಿಷಿನಲ್ಲಿ ಕೇಳಿದೆ, ಅಷ್ಟು ಹೊತ್ತು ಬಿಸಿಲಲ್ಲಿ ಯಾಕೆ ನಿಂತಿದ್ದಿರಿ? ಅವರು ಹೇಳಿದ್ದು ಇಷ್ಟು: “ನಮ್ಮ ಸಬ್ಬತ್ ದಿನ ನಕ್ಷತ್ರ ಮೂಡುವವರೆಗೆ ದುಡ್ಡು ಎತ್ತುವಂತಿಲ್ಲ. ಆದರೆ ಯಾರೋ ಕಳೆದುಕೊಂಡದ್ದು ಕಣ್ಣಿಗೆ ಬಿದ್ದ ಮೇಲೆ ಕಾಣದವರ ಹಾಗೆ ಹೋಗುವಂತೆಯೂ ಇಲ್ಲ. ಅದಕ್ಕೆ ನಿಂತೆ. ಅದನ್ನು ಕಾಯುವುದೂ ಪ್ರಾರ್ಥನೆಯೇ.”

ಇದರಲ್ಲಿ ಇವರಿಗೇನು ಲಾಭ ಎಂದು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದೆ. ಸಿಗಲಿಲ್ಲ. ಅಧ್ಯಾತ್ಮ ಎಂದರೆ ಇದೇ ಇರಬೇಕು, ಅಧ್ಯಕ್ಷರೇ, ಬರೆದುಕೊಳ್ಳಿ.

ಆಗ ಪಿಸುಮಾತಿನಲ್ಲಿ ನಿಜವಾದ ಮೊತ್ತ ಹೇಳಿದೆ. “ಈಗ ಹೊಂದಿತು” ಎಂದರು. ಕೈ ಚಾಚಿದೆ. ಕೊಡಲಿಲ್ಲ.

“ನಿಮ್ಮ ಮಗಳು ಬಂದು ವಾಟ್ಸಾಪಿನ ಸುದ್ದಿಯೆಲ್ಲ ಹೇಳಿ ಕ್ಷಮೆ ಕೇಳಿದಳು. ಆ ಸಂಚಿಯಲ್ಲಿ ಈಗ ನನ್ನ ಹೆಸರೂ ಇದೆ. ಮೊದಲ ಲೆಕ್ಕ ಕೇಳಿದವರು ಎರಡನೆಯದನ್ನೂ ಕೇಳಲಿ. ಎಲ್ಲರೂ ಎಲ್ಲಿ ಸೇರುತ್ತೀರಿ, ಅಲ್ಲಿಗೆ ತರುತ್ತೇನೆ.”

ಆದ್ದರಿಂದ ಬಂದಿದ್ದಾರೆ. ನಮ್ಮ ಊಟ ಅವರಿಗೆ ಆಗದು, ತಮ್ಮ ಸೇಬು ತಾವೇ ತಂದಿದ್ದಾರೆ. ಕೋಟಿನ ಜೇಬು ಉಬ್ಬಿದೆ. ಸಂಚಿಯೋ ಸೇಬೋ, ಇಲ್ಲಿಂದ ತಿಳಿಯುತ್ತಿಲ್ಲ. ಈಗಲೂ ನನಗೆ ಅನುಮಾನವೇ.

ಅಡುಗೆಯವರೂ ಬಾಗಿಲಲ್ಲೇ ನಿಂತಿದ್ದಾರೆ. ಅಧ್ಯಕ್ಷರೇ, ಆ ವಿಷಯ ನಾವಿಬ್ಬರೂ ಕೂತು ಮಾತಾಡೋಣ. ಅಡಿಲೇಡಿನವರೇ, ಬ್ರಿಸ್ಬೇನಿನವರೇ, ವಾಟ್ಸಾಪು ತೆಗೆದುಕೊಳ್ಳಿ, ಇದನ್ನೂ ದಾಟಿಸಿ: ಸೆಲ್ವಿನ್ ಒಂದು ಸೆಂಟನ್ನೂ ಮುಟ್ಟಿಲ್ಲ. ಇಷ್ಟು ಹೊತ್ತು ಹಸಿದ ಹೊಟ್ಟೆಯಲ್ಲಿ ಕೇಳಿದ ನಿಮಗೆಲ್ಲ ನನ್ನ ವಂದನೆ. ಪುಟ್ಟಿ, ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳಿಬಿಡು ಅವರಿಗೆ. ಹದಿನೇಳು ಡಾಲರ್, ಐವತ್ತು ಸೆಂಟ್. ನಮಸ್ಕಾರ.