ಮಸಿಬಟ್ಟೆಯ ಒಳಪದರ

…ಅಯ್ಯೋ, ಆ ಕತ್ತರಿ ಮುಟ್ಟಬೇಡ ಪುಟ್ಟಿ! ಅಲ್ಲೇ ಇರಲಿ. ಮೆಷಿನ್ನಿನ ಬಲಗಡೆ, ಮೂಲೆಗೆ, ಬಾಯಿ ಗೋಡೆ ಕಡೆಗೆ. ಎಷ್ಟು ಸಲ ಹೇಳ್ಬೇಕು ನಿಂಗೆ? ಬಂದು ಕೂತಿಲ್ಲ, ಆಗಲೇ ಮನೆ ಒಪ್ಪ ಮಾಡೋಕೆ ಶುರು. ನಿನ್ನ ಮನೇಲಿ ಒಪ್ಪ ಮಾಡ್ಕೋ ಹೋಗು. ಇಲ್ಲಿ ಇಟ್ಟಿದ್ದು ಇಟ್ಟ ಕಡೆ ಇರಬೇಕು.

ಯಾಕೆ ನಗ್ತೀಯ? ಮೂಗಲ್ಲಿ ನಕ್ಕರೆ ನಂಗೆ ಕೇಳಲ್ಲ ಅಂದ್ಕೊಂಡ್ಯಾ?

ಹೂಂ, ಈಗ ಹೇಳು. ಕೆಳಗಿನ ಮನೆಯಾಕೆ ಫೋನ್ ಮಾಡಿದ್ಲು, ಅದೇ ತಾನೇ? "ನಿಮ್ಮಮ್ಮ ಮೆಟ್ಟಿಲಲ್ಲಿ ಎದುರಿಗೇ ಬಂದ್ರೂ ನನ್ನ ನೋಡಲಿಲ್ಲ, ಗೋಡೆ ಸವರ್ಕೊಂಡು ಹೋದ್ರು." ಸರಿ, ನೋಡಲಿಲ್ಲ. ನೋಡಬಾರದು ಅಂತಾನೇ ನೋಡಲಿಲ್ಲ! ಹಳೇ ಪ್ಯಾಂಟಿನ ಕಾಲು ಬಿಚ್ಚಿ, ಮೇಲೆ ಹೂವಿನ ಬಟ್ಟೆ ಕೂರಿಸಿ, ಎಂಥಾ ಗಟ್ಟಿ ಚೀಲ ಹೊಲಿದುಕೊಟ್ಟೆ ಅವಳಿಗೆ. ಹಿಡಿ ಗಿಡ್ಡ ಆಯ್ತು, ಹೂವು ತಲೆಕೆಳಗಾಯ್ತು ಅಂತ ಮಹಡಿಯಿಂದ ಮಹಡಿಗೆ ಡಂಗುರ ಹೊಡ್ಕೊಂಡು ಬಂದ್ಲಲ್ಲ, ಅಂಥವಳ ಮುಖ ಯಾಕೆ ನೋಡ್ಲಿ? ಗೋಡೆ ಸವರೋದು… ಮಂಡಿ ನೋವಿರೋರು ಗೋಡೆ ಹಿಡೀದೆ ಇನ್ನೇನು ಹಿಡೀತಾರೆ, ಅವಳ ಜುಟ್ಟು ಹಿಡೀಲಾ?

ಹ್ಞಾಂ, ಈಗ ನಕ್ಕೆ ನೋಡು ಸರಿಯಾಗಿ.

ಅಲ್ಲ, ಹೂವು ತಲೆಕೆಳಗಾಗಿರಲಿಲ್ಲ. ಆ ಬಟ್ಟೇಲಿ ಹೂವು ಇದ್ದಿದ್ದೇ ಹಾಗೆ.

ಹೋಗಿದ್ದೆ ಅಂದ್ನಲ್ಲ! ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಗೋಡೆ ಮೇಲಿನ ಅಕ್ಷರ ಎಲ್ಲಾ ಗಟ್ಟಿಯಾಗಿ ಓದಿದೆ. ವಯಸ್ಸಿಗೆ ಇದು ಸಹಜ ಅಮ್ಮ ಅಂದ್ರು. ಚೀಟಿ? ಚೀಟಿ ಎಲ್ಲೋ ಇರುತ್ತೆ. ನೀನೇನು ಪೊಲೀಸಾ?

ನಂಗೆ ಗೊತ್ತು ನೀನು ಯಾಕೆ ಬಂದೆ ಅಂತ. ನಿಮ್ಮಣ್ಣ ಕಳಿಸಿದ್ದಾನೆ. ಅವನಿಗೆ ನಾನೇ ಮಾತು ಕೊಟ್ಟಿದ್ದು, ಮರೆತಿಲ್ಲ. ಕಣ್ಣು ಕೈಕೊಟ್ಟ ದಿನ ಮೆಷಿನ್ ಯಾರಿಗಾದ್ರೂ ಕೊಟ್ಟು, ಈ ಮನೆಗೆ ಬೀಗ ಹಾಕಿ, ಅವನ ಹತ್ರ ಹೋಗಿ ಇರ್ತೀನಿ ಅಂತ. ಕೊಟ್ಟ ಮಾತು ಕೊಟ್ಟಿದ್ದೇ. ಆದ್ರೆ ಆ ದಿನ ಬಂದಿಲ್ಲ. ಬಂದಿಲ್ಲ ಅಂದ್ರೆ ಬಂದಿಲ್ಲ.

ಅವನು ಒಳ್ಳೆಯವನೇ. ನಿನ್ನ ಅತ್ತಿಗೇನೂ ಒಳ್ಳೆಯವಳೇ. ಸೂಜಿ ಮಾತ್ರ ಕೈಗೆ ಕೊಡಲ್ಲ, ಅಷ್ಟೇ. ಹಾಲ್‌ನಲ್ಲಿ ಸೋಫಾ ಮೂಲೆಗೆ ನನ್ನೂ ಒಂದು ದಿಂಬಿನ ಹಾಗೆ ಇಟ್ಟಿರ್ತಾರೆ. ಯಾರಾದ್ರೂ ಬಂದ್ರೆ ಸ್ವಲ್ಪ ಸರಿಸ್ತಾರೆ. ಹುಟ್ಟಿದ ಊರು ಬಿಟ್ಟು ಇಷ್ಟು ದೂರ ಬಂದಾಗ ನಂಗೆ ಇಲ್ಲಿಯವರ ಮಾತು ಬರ್ತಿರಲಿಲ್ಲ, ಪುಟ್ಟಿ. ಅಂಗಡೀಲಿ ಉಪ್ಪು ಕೇಳೋಕೂ ಕೈ ತೋರಿಸ್ಬೇಕಿತ್ತು. ದರ್ಜಿ ಅಂಗಡಿಯವರು ಹೊರಗೆ ಹಾಕಿದ ಚೂರುಪಾರು ಬಟ್ಟೆ ತಂದು ಒಂದು ಕೌದಿ ಹೊಲಿದು ಕಿಟಕಿಗೆ ಒಣಹಾಕಿದೆ. ಮಾರನೇ ದಿನ ಯಾರೋ ಬಂದು ಬಾಗಿಲು ತಟ್ಟಿದ್ರು, ನಂಗೂ ಒಂದು ಅಂತ. ಈ ಬೀದಿ ನನ್ನ ಗುರುತು ಹಿಡಿದಿದ್ದು ಮುಖ ನೋಡಿ ಅಲ್ಲ, ಹೊಲಿಗೆ ನೋಡಿ.

ಆಯ್ತು ಬಿಡು, ಅದೆಲ್ಲ ನಿಂಗೆ ಕೇಳಿ ಕೇಳಿ ಬೇಜಾರು.

ಏನೋ ಔಷಧಿ ವಾಸನೆ ಬರ್ತಿದೆಯಲ್ಲ… ನೀನು ಬಂದಾಗಿನಿಂದ. ತಲೆನೋವಾ? ಬಸ್ಸಲ್ಲಿ ಯಾರೋ ಪಕ್ಕದಲ್ಲಿ ಕೂತಿದ್ರೇನೋ. ಇವತ್ತು ನೀನು ಅಡುಗೆ ಮಾಡೋ ಹಾಸ್ಟೆಲ್‌ಗೆ ರಜೆ ಅಂದ್ಯಲ್ಲ, ಅದ್ಯಾವ ರಜೆ ವಾರದ ಮಧ್ಯೆ? ಅಷ್ಟು ಜನ ಹುಡುಗೀರು ಊಟಕ್ಕೆ ಏನು ಮಾಡ್ತಾರೆ? ಸರಿ ಸರಿ, ಕೇಳಲ್ಲ. ಟೀ ಮಾಡಿದ್ದೀಯ, ಸುಮ್ನೆ ಕುಡೀತೀನಿ. ಒಂದೇ ಲೋಟ ತಂದೆಯಲ್ಲ, ನಿಂದೆಲ್ಲಿ? ಆಮೇಲೆ ಅದನ್ನೂ ಬೇರೆ ತರ್ತೀಯಾ? ಎರಡೂ ಒಟ್ಟಿಗೆ ತಂದಿದ್ರೆ ಏನು ಕೈ ಸವೀತಿತ್ತಾ!

…ಯಾಕೆ, ಏನಾಯ್ತು? ತಮಾಷೆಗೆ ಅಂದೆ ಕಣೇ.

ಅದಿರ್ಲಿ, ಮಸಿಬಟ್ಟೆ ಹೇಗಿದೆ? ಹೋದ ಸಲ ಕೊಟ್ಟು ಕಳಿಸಿದ್ನಲ್ಲ, ನಿನ್ನ ದೊಡ್ಡ ಪಾತ್ರೆಗಳು ಇಳಿಸೋಕೆ ಅಂತ, ಉದ್ದಕ್ಕೆ, ಕೌದಿ ಹೊಲಿಗೆ ಹಾಕಿ. ಬಳಸ್ತಿದ್ದೀಯ ತಾನೇ? ಇಗೋ, ಇಲ್ಲಿ ಮೇಜಿನ ಮೇಲಿದೆ ನೋಡು ರಾಶಿ. ನಿನ್ನ ಜೊತೆ ಕೆಲಸ ಮಾಡೋರಿಗೆಲ್ಲ ಆಗುತ್ತೆ. ಮೇಲೆ ಹಳೇ ಪರದೆ ಬಟ್ಟೆ, ಕೆಳಗೆ ಹಾಸಿಗೆ ಹೊದಿಕೆಯ ತುಂಡು. ಒಳಗೆ, ನಿಂಗೆ ಕೊಟ್ಟಿದ್ರಲ್ಲೂ, ಏನು ಗೊತ್ತಾ? ನಿಮ್ಮಪ್ಪನ ಚಳಿಗಾಲದ ಅಂಗಿ! ಕಾಲರು, ತೋಳು ಎಲ್ಲಾ ಯಾವತ್ತೋ ಹರಿದುಹೋಗಿ ಬೆನ್ನಿನ ಬಟ್ಟೆ ಒಂದು ಉಳಿದಿತ್ತಲ್ಲ, ಮೊಲದ ಕಿವಿಯಷ್ಟು ಮೆತ್ತಗೆ, ಅದು. ಮೊಳೆಗೆ ಸಿಕ್ಕಿ ಹರಿದದ್ದು, ನಾನು ರಫು ಮಾಡಿದ್ದು, ಆ ರಫು ಕೂಡ ಇದರಲ್ಲೇ ಎಲ್ಲೋ ಇದೆ. ಇಟ್ಟು ಇಟ್ಟು ಏನು ಮಾಡ್ಲಿ? ಅವರಿಗೂ ಇಷ್ಟವಾಗ್ತಿತ್ತು, ಮಗಳ ಕೈ ಸುಡದ ಹಾಗೆ ಕಾಯೋದು.

ಯಾಕೆ ಎದ್ದೆ? ಕುರ್ಚಿ ಯಾಕೆ ಹಾಗೆ ಎಳೀತೀಯ, ನೆಲಕ್ಕೆ ಗೀರು ಬೀಳುತ್ತೆ.

ಪೆಟ್ಟಿಗೇಲಿ ಏನು ಹುಡುಕ್ತಿದ್ದೀಯ? ಅದರಲ್ಲಿ ಏನಿಲ್ಲ. ನಿನ್ನ ಅತ್ತಿಗೆ ಕೊಟ್ಟ ಹಳೇ ಬಟ್ಟೆ ಗಂಟು, ಮಗುವಿನ ಹೊದಿಕೆ, ಅದು ಇದು. ಕೆದಕಬೇಡ ಮಾರಾಯ್ತಿ, ಮತ್ತೆ ಜೋಡಿಸೋಕೆ ನಂಗೆ ಇಡೀ ದಿನ ಬೇಕು.

ಹ್ಞಾಂ? ಒಳಗಿನ ಬಟ್ಟೆ ಸುಟ್ಟು ನೋಡಿದ್ನಾ ಅಂತ ಕೇಳ್ತೀಯಾ?

ನಂಗೇ ಪಾಠ ಹೇಳ್ತೀಯಾ! ನಿಂಗೆ ಅದನ್ನ ಕಲಿಸಿದ್ದು ಯಾರು? ಒಂದು ಎಳೆ ಕಿತ್ತು ಬೆಂಕಿಗೆ ಹಿಡಿ. ಹತ್ತಿ ಆದ್ರೆ ಉರಿದು ಬೂದಿ. ಆ ನೈಲಾನು, ಪಾಲಿಯೆಸ್ಟರು ಆದ್ರೆ ಕರಗಿ, ಮುದುಡಿ, ಗಟ್ಟಿ ಮಣಿ. ಮಸಿಬಟ್ಟೆ ಒಳಗೆ ಹತ್ತಿ ಬಿಟ್ಟು ಬೇರೆ ಹಾಕೋ ಹಾಗಿಲ್ಲ. ಬಿಸಿಗೆ ಕರಗುತ್ತೆ, ಕರಗಿದ್ದು ಚರ್ಮಕ್ಕೆ ಅಂಟುತ್ತೆ, ಅಂಟಿದ್ದು ಚರ್ಮ ಸಮೇತ ಬರುತ್ತೆ. ಇದು ನಂಗೆ ಗೊತ್ತಿಲ್ವಾ?

ನೋಡಿದೆ. ನೋಡಿದೆ ಅಂದ್ರೆ… ನಿಮ್ಮಪ್ಪನ ಅಂಗಿ ಸುಟ್ಟು ಬೇರೆ ನೋಡ್ಬೇಕಾ ನಾನು? ಬೆರಳಿಗೆ ಗೊತ್ತಾಗುತ್ತೆ. ಇಷ್ಟು ವರ್ಷ ಬಟ್ಟೆ ಮುಟ್ಟಿದ ಬೆರಳು. ಈಚೆಗೆ ಬೆಂಕಿಕಡ್ಡಿ ಗೀರೋದು ಬಿಟ್ಟಿದ್ದೀನಿ, ಅಷ್ಟೇ. ಮನೆ ತುಂಬ ಚಿಂದಿ, ಕಿಡಿ ಎಲ್ಲಿ ಬಿತ್ತು ಅಂತ… ಗಾಳಿ ಜಾಸ್ತಿ ಇಲ್ಲಿ. ಬಾಗಿಲ ಕೆಳಗಿಂದ ಬರುತ್ತೆ. ಅದಕ್ಕೇ ಅಲ್ಲಿ ಹಾವಿನ ಹಾಗೆ ಉದ್ದ ದಿಂಬು ಹೊಲಿದು ಅಡ್ಡ ಇಟ್ಟಿದ್ದೀನಿ, ಒಳಗೆ ಬರೀ ಕತ್ತರಿಸಿ ಉಳಿದ ಚೂರು. ಒಂದು ಎಳೆನೂ ಬಿಸಾಡಿಲ್ಲ, ನೋಡಿದ್ಯಾ?

ನಂಬಿಕೆ ಬರ್ತಿಲ್ಲ ನಿಂಗೆ. ಸರಿ, ಬಾ, ಪರೀಕ್ಷೆ ಮಾಡು. ಬಣ್ಣ ಕೇಳು. ಇಗೋ, ಈ ಚೀಲದಲ್ಲಿ ನೀಲಿ ಚೂರುಬಟ್ಟೆ. ಈ ಚೀಲದಲ್ಲಿ ಕೆಂಪು. ಇದು ಹಸಿರು. ನೀಲಿ ಚೀಲಕ್ಕೆ ಚಿಪ್ಪಿನ ಗುಂಡಿ, ಕೆಂಪಿಗೆ ಮರದ್ದು, ಹಸಿರಿಗೆ ಹುಕ್ಕು… ಚೆಂದಕ್ಕೆ ಕಣೇ, ಬೇರೆ ಯಾಕೆ? ತಗೋ, ಇದು ಹಸಿರು. ಒಳ್ಳೇ ಎಳೇ ಹಸಿರು, ಕಿಟಕಿ ಹತ್ರ ಹಿಡಿದು ನೋಡು. ಹೌದು ತಾನೇ?

ಹೌದು ತಾನೇ?

ಚೀಲ ನೀನೇನಾದ್ರೂ ಮುಟ್ಟಿದ್ಯಾ ಆಗ? ಬಂದ ತಕ್ಷಣ ಒಪ್ಪ ಮಾಡೋಕೆ ಹೋಗಿ ಅದಲು ಬದಲು ಮಾಡಿದ್ಯಾ?

ಮಾತಾಡೇ.

ಹ್ಞಾಂ, ತಲೆ ಆಡಿಸ್ತಿದ್ದೀಯ. ಕಾಣ್ತಿದೆ ಬಿಡು. ಕಾಣ್ತಿದೆ ನಂಗೆ. ಮುಖ ಊದಿಸ್ಕೊಂಡು ಕೂತಿದ್ದೀಯ, ಚಿಕ್ಕವಳಿದ್ದಾಗ ಜಡೆ ಬಿಗಿಯಾಯ್ತು ಅಂತ ಕೂರ್ತಿದ್ಯಲ್ಲ, ಹಾಗೇ. ನಿಮ್ಮಣ್ಣನಿಗೆ ಏನು ಹೇಳ್ತೀಯ? ಅಮ್ಮ ಚೆನ್ನಾಗಿದ್ದಾರೆ, ಬಣ್ಣ ಎಲ್ಲಾ ಸರಿಯಾಗಿ ಹೇಳಿದ್ರು ಅಂತ ಹೇಳು. ಹೇಳ್ತೀಯ ತಾನೇ?

ಪುಟ್ಟಿ?

…ಎಲ್ಲಿದ್ದೀಯ? ಹೋಗ್ಬಿಟ್ಯಾ? ಬಾಗಿಲು ಸದ್ದಾಗಲಿಲ್ಲ. ಇಲ್ಲೇ ಇದ್ದೀಯ. ಔಷಧಿ ವಾಸನೆ ಇಲ್ಲೇ ಇದೆ. ಹೀಗೆ ಆಟ ಆಡಬೇಡ ನನ್ನ ಹತ್ರ, ಚೆನ್ನಾಗಿರಲ್ಲ. ಒಂದು ಮಾತು… ಬೈಯೋದಾದ್ರೂ ಬೈ. ಎಲ್ಲಿ, ಕೈ ಕೊಡು ಇಲ್ಲಿ. ಕೊಡೇ ಅಂದ್ರೆ…

ಇದೇನು?

ಇದು ಯಾವ ಬಟ್ಟೆ? ಸಡಿಲ ನೇಯ್ಗೆ… ಹೊಸದು, ನೀರು ಕಂಡಿಲ್ಲ. ಸುತ್ತಿದ್ದೀಯ ಕೈಗೆ. ಬೆರಳಿಂದ… ಬೆರಳೆಲ್ಲ ಒಟ್ಟಿಗೆ… ಮಣಿಕಟ್ಟು ದಾಟಿ…

ಪಟ್ಟಿ. ಬ್ಯಾಂಡೇಜು ಇದು.

ನೋವಾಯ್ತಾ? ಒತ್ತಲ್ಲ, ಒತ್ತಲ್ಲ. ಬಿಟ್ಟೆ. ಯಾವಾಗ ಆಯ್ತು ಕಂದಾ? ಎದುರಿಗೇ ಕೂತಿದ್ಯಲ್ಲ ಅಷ್ಟೊತ್ತಿಂದ. ಇಷ್ಟು ದಪ್ಪ ಬಿಳಿ ಪಟ್ಟಿ ಸುತ್ಕೊಂಡು ನನ್ನ ಮುಂದೇನೇ… ಏನೂ ಹೇಳದೆ… ನಾನೇ ಕೇಳ್ಲಿ ಅಂತ ಕಾದ್ಯಾ? ನಾನು ಟೀ ಲೋಟ ಎರಡು ಯಾಕೆ ತರಲಿಲ್ಲ ಅಂದೆ.

ಬಿಳಿ ತಾನೇ? ಬಿಳೀನೇ ಇರ್ಬೇಕು.

ಮಸಿಬಟ್ಟೆ… ನಾನು ಕೊಟ್ಟಿದ್ದು ಹಿಡಿದು ಪಾತ್ರೆ ಇಳಿಸಿದ್ಯಾ? ಅಲ್ಲ ಅನ್ನು. ಎಣ್ಣೆ ಸಿಡೀತು ಅನ್ನು.

ತೊಡೆ ಮೇಲೆ ಏನು ಇಟ್ಟೆ? ಬಟ್ಟೆ. ಮಡಚಿದ್ದು. ಮೆತ್ತಗಿದೆ… ಮೊಲದ ಕಿವಿ… ಇಲ್ಲ. ತಾಳು. ಇಲ್ಲಿ ಗಂಟು ಗಂಟಾಗಿ ಏನೋ ಸಿಗ್ತಿದೆ… ರಫು. ನನ್ನ ರಫು ಇದು. ಮೊಳೆಗೆ ಸಿಕ್ಕಿದ್ದು. ನಿಮ್ಮಪ್ಪನ ಅಂಗಿ ಬೆನ್ನು. ಪೆಟ್ಟಿಗೇಲೇ ಇತ್ತಾ? ಕತ್ತರಿಸಿಲ್ವಾ ನಾನು? ಮತ್ತೆ ನಾನು ಕತ್ತರಿಸಿದ್ದು…

ಮಗುವಿನ ಹೊದಿಕೆ. ಪಾಲಿಯೆಸ್ಟರು ಅದು. ಆದ್ರೂ ಮೆತ್ತಗೇ ಇತ್ತು, ಪುಟ್ಟಿ. ಅದೂ ಇಷ್ಟೇ ಮೆತ್ತಗಿತ್ತು.

ಆ ರಾಶಿ ಯಾರಿಗೂ ಕೊಡಬೇಡ. ಒಂದೂ ಈ ಮನೆ ಹೊಸಿಲು ದಾಟಬಾರದು. ನಿಮ್ಮಣ್ಣನಿಗೆ ನಾನೇ ಫೋನ್ ಮಾಡ್ತೀನಿ, ನೀನು ಏನೂ ಹೇಳೋದು ಬೇಡ. ಈಗ ಕತ್ತರಿ ತಗೋ. ಹೂಂ, ನೀನೇ ತಗೋ, ಎಲ್ಲಿದೆ ಅಂತ ಗೊತ್ತಲ್ಲ. ಒಂದೊಂದೇ ಬಿಚ್ಚೋಣ. ಎಳೆ ನಾನು ಕೀಳ್ತೀನಿ, ಬೆಂಕಿಪೊಟ್ಟಣ ನಾನು ಹಿಡ್ಕೋತೀನಿ, ನೀನು ಎಡಗೈಯಲ್ಲಿ ಗೀರು. ಹತ್ತಿ ಇದ್ದದ್ದು ಉಳಿಸ್ಕೋ. ಮಿಕ್ಕಿದ್ದು ಒಲೆಗೆ ಬೇಡ, ಕಸಕ್ಕೆ.

ಹತ್ತಿತಾ? ಎಳೆ ಹಿಡಿದಿದ್ದೀನಿ, ಸರಿಯಾಗಿದೆಯಾ? ಹ್ಞಾಂ…

ಏನಾಗ್ತಿದೆ? ಬೂದಿನಾ, ಮಣಿನಾ?

ಹೇಳೇ. ಅಳಬೇಡ, ಹೇಳು. ನೀನು ಬಾಯಿ ಬಿಡದೆ ಇದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?