ಬುಗ್ಯಾಲದಾಗ ಬಿಚ್ಚಿದ ಲೇಸು

ಲೈಟಂತೂ ಹೋಗ್ಯಾವ. ಕೇಳ್ರಿ. ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ಸೋದರತ್ತಿ ಮಗಳು ಮಂದಾಕಿನಿಗೆ ಆದದ್ದು. ಹೈದರಾಬಾದ್ ಇನ್ನಾ ಆಂಧ್ರದ ರಾಜಧಾನಿ ಇದ್ದಾಗಿನ ಮಾತು.

ಮೇ ತಿಂಗಳು. ಊರು ಕಾದ ಹಂಚಾಗಿತ್ತು. ಆಕಿ ಹಿಮಾಲಯದ ಪ್ರವಾಸ ಮುಗಿಸಿ ಸಿಕಂದರಾಬಾದ್‌ದಾಗ ರೈಲು ಇಳಿದು, ಆಟೋ ಹಿಡದು ಕಾಚಿಗೂಡಕ್ಕ ಬರೂದ್ರಾಗ ರಾತ್ರಿ ಭಾಳ ಆಗಿತ್ತು. ಅವರ ಗಲ್ಲಿಗೆ ಆಟೋ ಹೋಗಂಗಿಲ್ಲ. ಮೂಲ್ಯಾಗ ಇಳದು, ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ನಡದ್ಲು. ಹಾದ್ಯಾಗ ಒಂದು ಹಾಳಬಾವಿ ಐತಿ. ಅದನ್ನ ದಾಟಾಕತ್ತಾಗ ಹಿಂದ ಸಪ್ಪಳ ಕೇಳಿಸ್ತು...

ಚರ್... ಟಪ್. ಚರ್... ಟಪ್.

ಹೆಪ್ಪುಗಟ್ಟಿದ ಹುಲ್ಲಿನ ಮ್ಯಾಲ ಬೂಟು ಊರಿದ್ರ ಚರ್ ಅಂತೈತಿ. ಬಿಚ್ಚಿದ ಲೇಸು ಬೂಟಿಗೆ ಬಡದ್ರ ಟಪ್. ಆದ್ರ ಆಕಿ ಕಾಲ ಕೆಳಗ ಇದ್ದದ್ದು ಕಾಚಿಗೂಡದ ಡಾಂಬರು.

ಮಂದಾಕಿನಿ ಕಾಲು ಅಲ್ಲೇ ನಿಂತ್ವು. ಈ ಸಪ್ಪಳ ಆಕಿಗೆ ಹೊಸಾದಲ್ಲ.

ಏನಾಗಿತ್ತು ಅಂದ್ರ, ಅಪ್ಪ ತೀರಿಕೊಂಡ ವರ್ಷ ಅದು. ಆಫೀಸು, ಮನಿ, ಅವ್ವ, ಇಷ್ಟ ಆಗಿತ್ತು ಆಕಿ ಬಾಳು. ಆಫೀಸಿನ ಗೆಳತ್ಯಾರು ಬಿಡಲಿಲ್ಲ, ಹಿಮಾಲಯಕ್ಕ ಎಳಕೊಂಡು ಹೋದ್ರು. ಅಲ್ಲಿ ಗಿಡಮರ ಮುಗದ ಮ್ಯಾಲ ಬರೇ ಹುಲ್ಲಿನ ಬಯಲು ಬರತೈತಿ. ಅಲ್ಲಿ ಮಂದಿ ಅದಕ್ಕ ಬುಗ್ಯಾಲ್ ಅಂತಾರ. ಸಲೀಸು ಹಾದಿ, ಮೊದಲನೇ ಸಲ ಗುಡ್ಡ ಹತ್ತೋರು ಸೈತ ಹೋಗಬಹುದು. ಹಳದಿ ಹೂವು, ಕುದುರಿ ಕೊರಳಿನ ಗಂಟಿ, ಆಚೀಕಡೆ ಬೆಳ್ಳಗಿನ ಶಿಖರ. ಅಪ್ಪ ಹೋದ ಮ್ಯಾಲ ಅವತ್ತ ಮಂದಾಕಿನಿ ಬಾಯ್ತುಂಬ ನಕ್ಕದ್ದು.

ಮಧ್ಯಾಹ್ನ ಮಂಜು ಇಳೀತು. ಚಾಚಿದ ಕೈ ಕಾಣವಲ್ದು. ಮುಂದ ಒಬ್ಬ ಗೈಡು ಸೀಟಿ ಊದತಾನ, ಎಲ್ಲಾರ ಹಿಂದ ಇನ್ನೊಬ್ಬ ಗೈಡು ಬರತಾನ, ಸೀಟಿ ಕೇಳಕೋತ ನಡೀರಿ, ಯಾರೂ ನಿಂದರಬ್ಯಾಡ್ರಿ ಅಂತ ತಾಕೀತು ಮಾಡಿದ್ರು. ಮಂದಾಕಿನಿ ಎಲ್ಲಾರಿಗಿಂತ ಹಿಂದ ಬಿದ್ದಿದ್ಲು.

ಆಗ ಬೆನ್ನ ಹಿಂದ ಒಂದು ಹುಡುಗಿ ದನಿ...

"ಅಕ್ಕಾರ... ಸ್ವಲ್ಪ ನಿಂದರ್ರಿ."

ಕನ್ನಡ! ಆ ತಂಡದಾಗ ಕನ್ನಡ ಬರೋಕಿ ಈಕಿ ಒಬ್ಬಾಕಿನ. ಉಳದವರೆಲ್ಲಾ ತೆಲುಗಿನವರು.

"ಯಾರವಾ?"

"ನಾನ್ರಿ... ಲೇಸು ಬಿಚ್ಚೈತಿ. ಥಂಡಿಗೆ ಕೈಬಳ್ಳು ಸೆಟದಾವ. ಕಟ್ಟಾಕ ಬರವಲ್ದು... ಒಂಚೂರು ಕಟ್ರಿ."

ಮಂದಾಕಿನಿ ಸ್ವಭಾವ ನಿಮಗ ಗೊತ್ತಿಲ್ಲ. ಬಸ್ಸಿನ್ಯಾಗ ಯಾರರ ನಿಂತ್ರ ತಾನು ಕುಂದ್ರಾಕಿ ಅಲ್ಲ. ಆದ್ರ ಅವತ್ತ ಮುಂದಿನ ಸೀಟಿ ದೂರ ದೂರ ಆಗಾಕತ್ತಿತ್ತು. ಜೀವದ ಭಯ.

"ಟೆಂಟ್ ಬರ್ಲಿ, ಕಟ್ತೀನಿ. ಈಗ ನನ್ನ ಹಿಂದ ಬಾರವಾ," ಅಂದ್ಲು. ನಿಂದರಲಿಲ್ಲ.

ಚರ್... ಟಪ್. ಚರ್... ಟಪ್. ಭಾಳ ಹೊತ್ತು ಹಿಂದ ಬಂತು. ಆಮ್ಯಾಲ ನಿಂತ್ಹೋತು.

ಟೆಂಟಿನ ಹತ್ರ ಹೋಗಿ ನೋಡಿದ್ರ ಎಲ್ಲಾರೂ ಬಂದಾರ. ಹುಡುಗಿ ಇಲ್ಲ. ಹಿಂದಿನ ಗೈಡಿಗೆ ಹಿಂದಿಯೊಳಗ ಕೇಳಿದ್ಲು, "ಭೈಯಾ, ನನ್ನ ಹಿಂದ ಬರಾಕತ್ತಿದ್ಲಲ್ಲ, ಆಕಿ ಎಲ್ಲಿ?"

ಅಂವ ಆಕಿ ಮಾರಿ ನೋಡಿದ. "ದೀದಿ, ನೀವು ತಪ್ಪಬಾರದು ಅಂತ ಹಾದಿ ಉದ್ದಕ್ಕೂ ನಿಮ್ಮ ಬ್ಯಾಗಿನ ಪಟ್ಟಿ ಹಿಡಕೊಂಡು ಬಂದಾಂವ ನಾನು. ನಮ್ಮಿಬ್ಬರ ನಡುವ ಯಾರೂ ಇರಲಿಲ್ಲ. ನೀವೊಬ್ರ ಮಾತಾಡಾಕತ್ತಿದ್ರಿ."

ದನಿ ತಗ್ಗಿಸಿ ಕೇಳಿದ, "ಏನ್ ಹೇಳಿದ್ರಿ ಆಕಿಗೆ?"

"ಬಾ... ಅಂದೆ."

ಅಂವ ಎದ್ದು ಹೋದ.

ಈಗ ಬಾವಿ ಹತ್ರ ಬರ್ರಿ. ಗಲ್ಲ್ಯಾಗ ನರಪಿಳ್ಳೆ ಇಲ್ಲ. ಚರ್... ಟಪ್. ಬೆನ್ನಿಗೆ ಹತ್ತಿದಂಗ ಬಂದು ನಿಂತ್ವು ಹೆಜ್ಜಿ. ಕಿವಿ ಹತ್ರ ತಣ್ಣನ್ನ ಉಸಿರು...

"ಅಕ್ಕಾರ... ಟೆಂಟ್ ಬಂತೇನ್ರಿ?"

ಓಡಬೇಕು ಅನಿಸ್ತಂತ. ಓಡಿದ್ರ ಅವ್ವ ಇರೋ ಮನಿತನಕಾ ಬರ್ತಾಳ. ಅದು ತಲ್ಯಾಗ ಬಂದಕೂಡ್ಲೆ ಮಂದಾಕಿನಿ ಬ್ಯಾಗ್ ಇಳಿಸಿದ್ಲು. ಕಣ್ಣು ಮುಚ್ಚಿದ್ಲು. ಹಿಂದಕ್ಕ ತಿರುಗಿ ರಸ್ತೇದಾಗ ಮೊಣಕಾಲೂರಿ ಕುಂತ್ಲು.

"ಬಂತವಾ. ಕಾಲು ಮುಂದ ಇಡು."

ಕೈಗೆ ಬೂಟು ಹತ್ತಿತು. ಸಣ್ಣ ಬೂಟು, ಒದ್ದಿ. ಲೇಸು ತಂತಿಗತೆ ಸೆಟದಿತ್ತು. ಮುಟ್ಟಿದ್ರ ಬೆಂಕಿ ಮುಟ್ಟಿದಂಗ ಉರಿ. ಹಲ್ಲು ಕಚ್ಚಿಕೊಂಡು ಗಂಟು ಹಾಕಿದ್ಲು. ಬಿಚ್ಚಬಾರದಂತ ಮತ್ತೊಂದು ಗಂಟು.

"ಬಿಗಿ ಆತೇನವಾ?"

"ಆತ್ರಿ..." ಅಂತ ದನಿ. ಆಮ್ಯಾಲ ಸಣ್ಣಗೆ, "ತಡಾ ಮಾಡಿದ್ರಿ ಅಕ್ಕಾರ."

ಚರ್... ಚರ್... ಚರ್. ಬಾವಿ ಕಡೆ ಅಲ್ಲ, ಮನಿ ಕಡೇನೂ ಅಲ್ಲ. ಬಂದ ದಾರೀಲೆ ವಾಪಸ್ ಹೋತು. ಟಪ್ ಇರಲಿಲ್ಲ.

ಬಾಗಿಲಾ ತಗದ ನಮ್ಮ ಸೋದರತ್ತಿ ಸಾವಿತ್ರಿಬಾಯಿ ಮಗಳ ಕೈ ನೋಡಿ ಗಾಬರಿ ಆದ್ಲು. ಎರಡೂ ಕೈದು ಹೆಬ್ಬಟ್ಟು, ತೋರುಬಳ್ಳು ಸುಣ್ಣದಂಗ ಬೆಳ್ಳಗಾಗಿದ್ವು. ಮುಂಜಾನೆ ಡಾಕ್ಟರು ನೋಡಿ, "ಹಿಮದಾಗ ಹೆಪ್ಪುಗಟ್ಟ್ಯಾವ. ನಿನ್ನೆ ರಾತ್ರಿದು, ಹಳೇದಲ್ಲ," ಅಂದ್ರು. ಮೇ ತಿಂಗಳು, ಹೈದರಾಬಾದ್‌ದಾಗ!

ನೀವು ನಂಬ್ರಿ, ಬಿಡ್ರಿ. ಸುಳ್ಳು ಹೇಳಿ ನನಗೇನಾಗಬೇಕೈತಿ? ಹೋದ ವಾರ ಅವರ ಮನೀಗೆ ಹೋಗಿದ್ದೆ. ಒಲಿ ಮ್ಯಾಲ ಕುದಿಯಾಕತ್ತಿದ್ದ ಚಹಾದ ಪಾತೇಲಿನ್ನ ಮಂದಾಕಿನಿ ಬರೇ ಆ ಬಳ್ಳಿನಿಂದ ಎತ್ತಿ ಇಳಿಸಿದ್ಲು.

ನಾ ಚೀರಿದೆ. ಆಕಿ, "ಸಕ್ರಿ ಎಷ್ಟು ಹಾಕ್ಲಿ?" ಅಂದ್ಲು.